ಸಿಸೇರಿಯನ್ ಆದವರ ಹೊಲಿಗೆ ಯಾಕೆ ಬಿಡುತ್ತಿತ್ತು: ಒಂದು ತಾಲ್ಲೂಕು ಆಸ್ಪತ್ರೆಯ ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದದ್ದು. ಊರು, ಇಸವಿ, ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೊಲಿಗೆಯ ಗಾಯಕ್ಕೆ ಸೋಂಕಾದವರ ತಿಂಗಳ ಲೆಕ್ಕವನ್ನೂ ಅಂಕಿಯಲ್ಲಿ ಕೊಟ್ಟಿಲ್ಲ. ಕೊಟ್ಟರೆ ಆ ಜಿಲ್ಲೆಯವರಿಗೆ ಯಾವ ಆಸ್ಪತ್ರೆ ಅಂತ ಥಟ್ಟನೆ ಹೊಳೆದುಬಿಡುತ್ತದೆ. ಎಷ್ಟು ಪಾಲು ಏರಿತು, ಎಷ್ಟು ಪಾಲು ಇಳಿಯಿತು ಅಂತ ಹೇಳಿದರೆ ನಮ್ಮ ಕೆಲಸಕ್ಕೆ ಸಾಕು. ನಾನು ಆಗ ಜಿಲ್ಲಾ ಗುಣಮಟ್ಟ ತಂಡದ ಕಡೆಯಿಂದ ಅಲ್ಲಿಗೆ ಹೋಗಿ ಬರುತ್ತಿದ್ದೆ.

ಹಿನ್ನೆಲೆ

ನೂರು ಹಾಸಿಗೆಯ ಆಸ್ಪತ್ರೆ. ಹೆರಿಗೆ ಜಾಸ್ತಿ. ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ (ಪಿಎಚ್‌ಸಿ), ಪಕ್ಕದ ತಾಲ್ಲೂಕಿನಿಂದ ಕೂಡ 108ರಲ್ಲಿ ಗರ್ಭಿಣಿಯರು ಬರುತ್ತಾರೆ. ಸಿಸೇರಿಯನ್ ಈಗ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಖಾಸಗಿಗಿಂತ ಕಡಿಮೆ ನಿಜ. ಆದರೆ ಕೆಲಸ ಮಾಡುವ ಕೈಗಳೂ ಅಷ್ಟೇ ಕಡಿಮೆ.

ಇಲ್ಲಿ ಇಬ್ಬರು ಪ್ರಸೂತಿ ತಜ್ಞರು. ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ ಮೇಲೆ. ಅರಿವಳಿಕೆ ತಜ್ಞರು ಒಬ್ಬರೇ. ಅವರನ್ನೂ ಎರಡು ಆಸ್ಪತ್ರೆಗೆ ಹಂಚಿಬಿಟ್ಟಿದ್ದರು. ಬೆಳಿಗ್ಗೆ ತಮ್ಮ ಆಸ್ಪತ್ರೆಯ ಕೇಸ್ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಹನ್ನೊಂದು ಆಗುತ್ತಿತ್ತು, ಒಮ್ಮೊಮ್ಮೆ ಹನ್ನೆರಡು ದಾಟುತ್ತಿತ್ತು. ಓಟಿ (ಆಪರೇಷನ್ ಥಿಯೇಟರ್) ಲಿಸ್ಟಿನಲ್ಲಿ ಮಾತ್ರ ಒಂಬತ್ತು ಗಂಟೆ ಅಂತಲೇ ಬರೆದಿರುತ್ತಿತ್ತು. ಈ ಎರಡು-ಮೂರು ಗಂಟೆಯ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೋಡಲು ಆಸ್ಪತ್ರೆ ಚೆನ್ನಾಗಿತ್ತು. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಓಟಿ ಹೊರಗೆ ತೂಗುಹಾಕಿದ್ದರು. ಹೆರಿಗೆ ಕೋಣೆ ಮತ್ತು ಹೆರಿಗೆ ಓಟಿಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ‘ಲಕ್ಷ್ಯ’ ಕಾರ್ಯಕ್ರಮಕ್ಕೂ ತಯಾರಿ ಆಗಿತ್ತು. ಗೋಡೆಗೆ ಹೊಸ ಬಣ್ಣ, ಕಸಕ್ಕೆ ಬಣ್ಣಬಣ್ಣದ ಬುಟ್ಟಿ, ಕೈ ತೊಳೆಯುವ ಆರು ಹಂತದ ಚಿತ್ರ ಎಲ್ಲವೂ ಇದ್ದವು. ಸೋಂಕು ನಿಯಂತ್ರಣ ಸಮಿತಿಯ ಫೈಲೂ ಇತ್ತು. ತಿಂಗಳ ವರದಿಯಲ್ಲಿ ಶಸ್ತ್ರಚಿಕಿತ್ಸೆ ಗಾಯದ ಸೋಂಕು ಅನ್ನುವ ಸಾಲಿನ ಮುಂದೆ ಎಷ್ಟೋ ತಿಂಗಳಿಂದ ಒಂದೇ ಅಂಕಿ: ಸೊನ್ನೆ.

ಸಮಸ್ಯೆ

ಒಂದು ಮಳೆಗಾಲದಲ್ಲಿ ಹೊಲಿಗೆ ಬಿಟ್ಟುಕೊಂಡ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ವಾಪಸ್ ಬರತೊಡಗಿದರು. ಕೀವು, ಜ್ವರ, ದಿನಾ ಡ್ರೆಸ್ಸಿಂಗ್. ಇಬ್ಬರಿಗೆ ಮತ್ತೆ ಹೊಲಿಗೆ ಹಾಕಬೇಕಾಯಿತು. ಅವರಲ್ಲಿ ಒಬ್ಬರ ಅಣ್ಣ ವಾರ್ಡಿನಲ್ಲೇ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ. ಸಂಜೆಗೆ ಊರಿನ ಮುಖಂಡರು ಗೇಟಿಗೆ ಬಂದರು. ಮರುದಿನ ಜಿಲ್ಲಾ ಕಚೇರಿಯಿಂದ ಫೋನ್ ಬಂತು.

ಆಸ್ಪತ್ರೆಯೊಳಗೆ ಆಗಲೇ ಒಂದು ವಿವರಣೆ ಸಿದ್ಧವಿತ್ತು. “ಮನೇಲಿ ಬಾಣಂತನ ಅಂತ ಕುದಿಯೋ ನೀರು ಹುಯ್ತಾರೆ, ಬಟ್ಟೆ ಬಿಗೀತಾರೆ, ಹೊಲಿಗೆ ಬಿಡದೆ ಏನಾಗುತ್ತೆ?” ನರ್ಸ್‌ಗಳಿಂದ ಹಿಡಿದು ಡಾಕ್ಟರ್‌ಗಳವರೆಗೆ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಕೇಳಲು ಸರಿ ಅನಿಸುತ್ತದೆ, ತಪ್ಪು ಮನೆಯವರ ಮೇಲೆ ಹೋಗುತ್ತದೆ, ಎಲ್ಲರಿಗೂ ನಿದ್ದೆ ಬರುತ್ತದೆ.

ಆದರೆ ಕೇಸ್ ಶೀಟ್ ತೆಗೆದು ನೋಡಿದರೆ ಈ ಮಾತು ನಿಲ್ಲುತ್ತಿರಲಿಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಸೇರಿಯನ್ ಆದವರಿಗೆ ಏಳು ದಿನ ಆಸ್ಪತ್ರೆಯಲ್ಲೇ ಉಚಿತ ಊಟ ಸಿಗುತ್ತದೆ. ಹಾಗಾಗಿ ಬಹಳ ಮಂದಿ ಹೊಲಿಗೆ ಬಿಚ್ಚುವವರೆಗೂ ವಾರ್ಡಿನಲ್ಲೇ ಇರುತ್ತಾರೆ. ವಾಪಸ್ ಬಂದವರಲ್ಲಿ ಕೆಲವರಿಗೆ ಮನೆಗೆ ಹೋಗುವ ಮುಂಚೆಯೇ, ನಾಲ್ಕನೇ ಐದನೇ ದಿನ, ಗಾಯ ಕೆಂಪಾಗಿ ನೀರು ಒಸರಿತ್ತು. ನೋಟ್ಸ್‌ನಲ್ಲಿ ಸಣ್ಣ ಅಕ್ಷರದಲ್ಲಿ ‘ಸೋಕೇಜ್ ಇದೆ, ಡ್ರೆಸ್ಸಿಂಗ್ ಬದಲಿಸಿದೆ’ ಅಂತ ಬರೆದಿತ್ತು. ಬಾಣಂತನದ ಬಿಸಿನೀರು ಇನ್ನೂ ಅವರ ಮೈಗೆ ಬಿದ್ದೇ ಇರಲಿಲ್ಲ.

ಮೊದಲು ಮಾಡಿದ್ದು

ಆಡಳಿತ ವೈದ್ಯಾಧಿಕಾರಿಗಳ ಮೇಲೆ ಒತ್ತಡ ಇತ್ತು. ಒತ್ತಡದಲ್ಲಿ ಇಂಥ ಕಡೆ ಮೂರು ಕೆಲಸ ಆಗುತ್ತವೆ. ಇಲ್ಲೂ ಮೂರೂ ಆದವು. ಓಟಿ ಮುಚ್ಚಿದರು. ಓಟಿಯ ಇಬ್ಬರು ಸಿಸ್ಟರ್‌ಗಳಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರು. ಫಾರ್ಮಲಿನ್ ಹಾಕಿ ಫ್ಯೂಮಿಗೇಶನ್ ಮಾಡಿಸಿದರು.

ಫ್ಯೂಮಿಗೇಶನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ಶಾಂತಿ ಹೋಮದ ಸ್ಥಾನವಿದೆ. ಬಾಗಿಲಿಗೆ ಟೇಪ್ ಅಂಟಿಸಿ, ರಾತ್ರಿಯಿಡೀ ಹೊಗೆ ಬಿಟ್ಟು, ಬೆಳಿಗ್ಗೆ ಕಣ್ಣುರಿ ಸಹಿಸಿಕೊಂಡು ತೆಗೆದರೆ, ದೋಷ ಕಳೆಯಿತು ಅನ್ನೋ ಸಮಾಧಾನ. ಗಾಳಿಗೆ, ಗೋಡೆಗೆ ಹೀಗೆ ರೂಢಿಯಾಗಿ ಹೊಗೆ ಹಾಕುವುದನ್ನು ಸೋಂಕು ನಿಯಂತ್ರಣದ ಮಾರ್ಗಸೂಚಿಗಳು ಈಗ ಒಪ್ಪುವುದಿಲ್ಲ. ನೆಲ, ಟೇಬಲ್, ದೀಪವನ್ನು ಸರಿಯಾಗಿ ಒರೆಸಿ ತೊಳೆಯುವುದೇ ಮುಖ್ಯ ಅನ್ನುತ್ತವೆ. ಇನ್ನು ಫಾರ್ಮಲಿನ್‌ನಿಂದ ಬರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಆದರೂ ಬಿಡೋದು ಕಷ್ಟ. ಯಾಕಂದರೆ ಅದು ಕಣ್ಣಿಗೆ ಕಾಣುವ ಕೆಲಸ. ಪತ್ರಿಕೆಯವರಿಗೆ ಹೇಳಬಹುದು, ಜಿಲ್ಲೆಗೆ ವರದಿ ಕಳಿಸಬಹುದು.

ಓಟಿ ಮುಚ್ಚಿದ ದಿನಗಳಲ್ಲಿ ತುರ್ತು ಹೆರಿಗೆಗಳನ್ನೆಲ್ಲ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹೆರಿಗೆ ನೋವಿನಲ್ಲಿ ಇರುವವರಿಗೆ ಆ ರಸ್ತೆಯಲ್ಲಿ ಒಂದೂವರೆ ಗಂಟೆ ದಾರಿ. ಇದರ ಬೆಲೆ ಎಷ್ಟು ಅಂತ ಯಾವ ವರದಿಯಲ್ಲೂ ಬರಲಿಲ್ಲ.

ಓಟಿಯಲ್ಲಿ ಒರೆಸಿ ತೆಗೆದ ಮಾದರಿಯಲ್ಲಿ ರೋಗಾಣು ಬೆಳೆಯುತ್ತದೆಯೇ ಅಂತ ನೋಡುವ ಸ್ವಾಬ್ ಕಲ್ಚರ್ ವರದಿ ‘ಬೆಳವಣಿಗೆ ಇಲ್ಲ’ ಅಂತ ಬಂತು. ಓಟಿ ತೆರೆಯಿತು. ಎಲ್ಲರೂ ಉಸಿರು ಬಿಟ್ಟರು. ಮೂರನೇ ವಾರಕ್ಕೆ ಮತ್ತೊಬ್ಬರ ಹೊಲಿಗೆ ಬಿಟ್ಟಿತು.

ನೋಟಿಸ್ ವಾಪಸ್

ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಆಡಳಿತ ವೈದ್ಯಾಧಿಕಾರಿಗಳು ಸಿಸ್ಟರ್‌ಗಳನ್ನು ಕರೆದು, ಯಾವ ಕೇಸಿಗೆ ಯಾರು ಏನು ಮಾಡಿದಿರಿ ಅಂತ ಕೇಳಿದರು. ಉತ್ತರ ಒಂದೇ: “ಎಲ್ಲಾ ಪ್ರೊಟೊಕಾಲ್ ಪ್ರಕಾರಾನೇ ಸರ್.” ನೋಟಿಸ್ ತಲೆ ಮೇಲೆ ತೂಗುತ್ತಿರುವಾಗ ಯಾರು ತಾನೇ ಬೇರೆ ಮಾತಾಡುತ್ತಾರೆ? ಅವರು ಎರಡು ದಿನ ಯೋಚಿಸಿ ನೋಟಿಸ್ ಹಿಂದಕ್ಕೆ ಪಡೆದರು. ಬಾಯಿಮಾತಿಗೆ ಬಿಡದೆ ಲಿಖಿತವಾಗಿಯೇ ಹಿಂಪಡೆದು, ಪ್ರತಿಯನ್ನು ಜಿಲ್ಲೆಗೂ ಕಳಿಸಿದರು. “ತಪ್ಪು ಯಾರದು ಅಂತ ಆಮೇಲೆ ನೋಡೋಣ, ಮೊದಲು ಏನಾಗ್ತಿದೆ ಅಂತ ತಿಳೀಲಿ” ಅಂದರು.

ಇದು ಸುಲಭದ ತೀರ್ಮಾನ ಆಗಿರಲಿಲ್ಲ. ಹೊರಗೆ ಇನ್ನೂ ಗಲಾಟೆ ಇತ್ತು. ಯಾರ ಮೇಲಾದರೂ ಕ್ರಮ ತೋರಿಸಿ ಅನ್ನುವವರೇ ಜಾಸ್ತಿ. ಕ್ರಮ ತೋರಿಸಿದ್ದರೆ ಅವರು ಆ ತಿಂಗಳು ಬಚಾವಾಗುತ್ತಿದ್ದರು.

ನೋಟಿಸ್ ಹೋದ ಮೇಲೆ ಮೊದಲು ಬಾಯಿ ಬಿಟ್ಟವರು ಡಾಕ್ಟರೂ ಅಲ್ಲ, ಸಿಸ್ಟರೂ ಅಲ್ಲ. ಓಟಿ ಬಟ್ಟೆಗಳನ್ನು ಡ್ರಮ್ಮಿಗೆ ತುಂಬಿ ಬಿಸಿ ಆವಿಯಲ್ಲಿ ಶುದ್ಧ ಮಾಡುವ ಯಂತ್ರ, ಅಂದರೆ ಆಟೋಕ್ಲೇವ್, ನೋಡಿಕೊಳ್ಳುವ ಗ್ರೂಪ್ ಡಿ ನೌಕರ. ಅವರನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. “ಡ್ರಮ್ ಬಿಚ್ಚಿದಾಗ ಮ್ಯಾಲಿನ ಬಟ್ಟಿ ಒಣಗಿರ್ತಾವ್ರೀ ಸರ್, ನಡಕಿನ್ವು ಹಸೀನ ಇರ್ತಾವು.”

ನಡುವಿನ ಬಟ್ಟೆ ಹಸಿ ಇದೆ ಅಂದರೆ ಆ ಡ್ರಮ್ಮನ್ನು ಶುದ್ಧ ಅಂತ ಲೆಕ್ಕ ಹಿಡಿಯುವಂತಿಲ್ಲ. ಅವರ ಜೊತೆ ಕೂತು ಒಂದು ಡ್ರಮ್ ತುಂಬುವುದನ್ನು ನೋಡಿದೆವು. ಗೌನ್, ಶೀಟು, ಟವೆಲ್ ಎಲ್ಲವನ್ನೂ ಮಂಡಿಯಿಂದ ಒತ್ತಿ ಒತ್ತಿ ತುರುಕುತ್ತಿದ್ದರು. ಮುಚ್ಚಳ ಹಾಕಲು ಇನ್ನೊಬ್ಬರ ಸಹಾಯ ಬೇಕಿತ್ತು. ಆವಿ ಒಳಗೆ ಹೋಗಲು ಜಾಗವೇ ಇಲ್ಲ. ಹೊರಗೆ ಅಂಟಿಸಿದ ಆಟೋಕ್ಲೇವ್ ಟೇಪಿನಲ್ಲಿ ಮಾತ್ರ ಕಪ್ಪು ಗೆರೆ ಚೆನ್ನಾಗಿ ಮೂಡಿರುತ್ತಿತ್ತು. ಆ ಟೇಪು ಡ್ರಮ್ಮಿನ ಹೊರಮೈಗೆ ಬಿಸಿ ತಾಗಿದೆ ಅಂತ ಹೇಳುತ್ತದೆ ಅಷ್ಟೇ, ನಡುವಿಗೆ ಆವಿ ತಲುಪಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ಡ್ರಮ್ಮಿನ ಮಧ್ಯೆ ಇಡುವ ಬೇರೆ ಇಂಡಿಕೇಟರ್ ಪಟ್ಟಿ ಇದೆ. ತರಿಸಿ ಇಟ್ಟು ನೋಡಿದೆವು. 121 ಡಿಗ್ರಿಯಲ್ಲಿ ಪೂರ್ತಿ ಹೊತ್ತು ಇಟ್ಟು ತೆಗೆದ ಮೇಲೂ ತುರುಕಿದ ಡ್ರಮ್ಮಿನ ನಡುವಿನ ಪಟ್ಟಿ ಬಣ್ಣ ಬದಲಿಸಿರಲಿಲ್ಲ. ಅದೇ ಬಟ್ಟೆಯನ್ನು ಎರಡು ಡ್ರಮ್ಮಿಗೆ ಸಡಿಲವಾಗಿ ಹಾಕಿದಾಗ ಬದಲಿಸಿತು.

ಯಾಕೆ ತುರುಕುತ್ತಿದ್ದರು? ಸೋಮಾರಿತನ ಅಂತ ಬರೆದು ಮುಗಿಸಬಹುದಿತ್ತು. ನಿಜ ಏನೆಂದರೆ ಆಟೋಕ್ಲೇವ್ ಒಂದೇ, ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಡ್ರಮ್‌ಗಳು ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ತೊಳೆದ ಬಟ್ಟೆ ಒಣಗುತ್ತಲೂ ಇರಲಿಲ್ಲ. ರಾತ್ರಿ ಎಮರ್ಜೆನ್ಸಿ ಬಂದಾಗ ಬಟ್ಟೆ ಇಲ್ಲ ಅಂದರೆ ಬೈಸಿಕೊಳ್ಳುವವರು ಅವರೇ. ಇದ್ದ ಒಂದು ಸುತ್ತಿನಲ್ಲಿ ಆದಷ್ಟು ತುಂಬುವುದು ಅವರ ಜಾಣತನ ಆಗಿತ್ತು. ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಹೊಸ ಡ್ರಮ್, ಇನ್ನಷ್ಟು ಬಟ್ಟೆ ಸೆಟ್, ಇಂಡಿಕೇಟರ್ ಪಟ್ಟಿ ತಂದರು. ಅದಕ್ಕೆ ಮಂಜೂರಾತಿ ಸಿಗಲು ಆದ ತಡ ಇನ್ನೊಂದು ಕಥೆ, ಇಲ್ಲಿ ಬೇಡ.

ರೇಜರಿನಿಂದ ಹಿಂದಿನ ರಾತ್ರಿಯೇ ಕೂದಲು ಬೋಳಿಸುವ ಪದ್ಧತಿಯೂ ಇತ್ತು. ರೇಜರ್ ಚರ್ಮದ ಮೇಲೆ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ, ಬೇಕೇ ಬೇಕಾದರೆ ಕ್ಲಿಪ್ಪರ್ ಬಳಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ಇದನ್ನು ನಿಲ್ಲಿಸಲು ಯಾರೂ ಜಗಳ ಆಡಲಿಲ್ಲ.

ಎಣಿಸಲು ಶುರು ಮಾಡಿದಾಗ

ಡ್ರಮ್ ಸರಿಯಾಯಿತು, ಇನ್ನು ಎಲ್ಲ ಸರಿ ಹೋಗುತ್ತದೆ ಅಂತ ಅನಿಸಿತು. ಸರಿ ಹೋಯಿತು ಅಂತ ತಿಳಿಯುವುದು ಹೇಗೆ? ಆಸ್ಪತ್ರೆಗೆ ಗೊತ್ತಿದ್ದದ್ದು ತಾವಾಗಿ ವಾಪಸ್ ಬಂದವರು ಮಾತ್ರ. ಗಾಯದ ಸೋಂಕನ್ನು ಆಪರೇಷನ್ ಆದ 30 ದಿನದವರೆಗೂ ಲೆಕ್ಕ ಹಾಕಬೇಕು. ಆದರೆ ನಮ್ಮ ಬಾಣಂತಿ ಅಷ್ಟರಲ್ಲಿ ಎಲ್ಲಿರುತ್ತಾಳೆ? ತವರಿನಲ್ಲಿ. ಅದು ಬೇರೆ ತಾಲ್ಲೂಕು, ಎಷ್ಟೋ ಸಲ ಬೇರೆ ಜಿಲ್ಲೆ. ಅಲ್ಲಿ ಹೊಲಿಗೆ ಬಿಟ್ಟರೆ ಅಲ್ಲಿಯ ಡಾಕ್ಟರ ಹತ್ತಿರ ಹೋಗುತ್ತಾಳೆ. ಇಲ್ಲಿಯ ರಿಜಿಸ್ಟರಿನಲ್ಲಿ ಸೊನ್ನೆ ಹಾಗೇ ಇರುತ್ತದೆ.

ಬೆನ್ನುನೋವಿನಿಂದ ಓಟಿ ಡ್ಯೂಟಿ ಬಿಟ್ಟಿದ್ದ, ನಿವೃತ್ತಿ ಹತ್ತಿರವಿದ್ದ ಒಬ್ಬ ಸಿಸ್ಟರ್‌ಗೆ ಈ ಕೆಲಸ ವಹಿಸಿದರು. ಸಿಸೇರಿಯನ್ ಆದ ಪ್ರತಿಯೊಬ್ಬರಿಗೂ ಎರಡು ಸಲ ಫೋನ್ ಮಾಡುವುದು, ಕಡೆಯ ಫೋನ್ ತಿಂಗಳು ತುಂಬಿದಾಗ. ಮೊದಲ ವಾರ ಅರ್ಧಕ್ಕರ್ಧ ಫೋನ್‌ಗಳು ವ್ಯರ್ಥವಾದವು. ತಾಯಿ ಕಾರ್ಡಿನಲ್ಲಿರುವ ನಂಬರ್ ಗಂಡನದ್ದು, ಅವನು ಗೋವಾದಲ್ಲೋ ಪುಣೆಯಲ್ಲೋ ಕೆಲಸದಲ್ಲಿ. ಕೆಲವು ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆಯದ್ದೇ ನಂಬರ್. ಸಿಸ್ಟರ್ ತಾವೇ ದಾರಿ ಹುಡುಕಿದರು. ಡಿಸ್ಚಾರ್ಜ್ ದಿನ ಮಂಚದ ಪಕ್ಕ ನಿಂತು, ಬಾಣಂತನ ಯಾರು ಮಾಡುತ್ತಾರೋ ಅವರ ನಂಬರ್ ಬರೆದುಕೊಂಡು, ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡುತ್ತಿದ್ದರು.

ಒಂದು ಫೋನ್ ನಾನಿದ್ದಾಗಲೇ ಆಯಿತು. “ಅವ್ವಾರ, ದವಾಖಾನಿಯಿಂದ ಸಿಸ್ಟರ್ ಮಾತಾಡಾಕತ್ತೀನ್ರಿ. ಮಗಳ ಹೊಲಿಗಿ ಹೆಂಗೈತ್ರಿ? ಬಟ್ಟಿಗೆ ಏನರ ಹತ್ತತೈತೇನು?” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಾಯಿ ಹೇಳಿದ್ದು: ಹತ್ತು ದಿನದಿಂದ ಪ್ರೈವೇಟಿನಲ್ಲಿ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ, ದಿನಾ ಆಟೋ ಬಾಡಿಗೆ ಬೇರೆ, ನಿಮ್ಮಲ್ಲಿಗೆ ಬಂದರೆ ಬೈತೀರಿ ಅಂತ ಬರಲಿಲ್ಲ. ಸಿಸ್ಟರ್ ರಿಜಿಸ್ಟರಿನಲ್ಲಿ ಬರೆದುಕೊಂಡರು. ಬರೆದಾದ ಮೇಲೂ ಪೆನ್ನು ಕೆಳಗಿಡಲಿಲ್ಲ, ಮುಂದಿನ ನಂಬರ್ ಒತ್ತಿದರು.

ಎರಡು ತಿಂಗಳ ಲೆಕ್ಕ ಬಂದಾಗ ಸೋಂಕಿನ ಸಂಖ್ಯೆ ಗಲಾಟೆಯ ತಿಂಗಳಿಗಿಂತ ಎರಡು ಪಟ್ಟು. ಡ್ರಮ್ ಸರಿಯಾದ ಮೇಲೆ!

ಜಿಲ್ಲೆಯ ಮಾಸಿಕ ಪರಿಶೀಲನಾ ಸಭೆಯಲ್ಲಿ ಪರದೆ ಮೇಲೆ ಎಲ್ಲಾ ತಾಲ್ಲೂಕಿನ ಪಟ್ಟಿ ಬಂತು. ಉಳಿದವರ ಮುಂದೆ ಸೊನ್ನೆ, ಇವರ ಮುಂದೆ ದೊಡ್ಡ ಅಂಕಿ, ಕೆಂಪು ಬಣ್ಣದಲ್ಲಿ. “ನೀವು ಮಾತ್ರ ಏನ್ರೀ ಹಿಂಗೆ?” ಅಂತ ಎಲ್ಲರೆದುರು ಕೇಳಿದರು. ಆಡಳಿತ ವೈದ್ಯಾಧಿಕಾರಿಗಳು ಎದ್ದು ನಿಂತು, “ಸರ್, ನಾವು ಫೋನ್ ಮಾಡಿ ಕೇಳ್ತಾ ಇದ್ದೀವಿ. ಬೇರೆಯವರು ಕೇಳಿಲ್ಲ” ಅಂದರು. ಸಭೆಯಲ್ಲಿ ಇದನ್ನು ಉದ್ಧಟತನ ಅಂತ ತಿಳಿದವರೂ ಇದ್ದರು. ವಾಪಸ್ ಬರುವ ದಾರಿಯಲ್ಲಿ ಆಸ್ಪತ್ರೆಯ ಹಿರಿಯರೊಬ್ಬರು ಸಲಹೆ ಕೊಟ್ಟರು: ಫೋನ್ ಮಾಡೋದು ಮಾಡೋಣ ಸರ್, ವರದಿಗೆ ಮಾತ್ರ ವಾಪಸ್ ಬಂದವರನ್ನಷ್ಟೇ ಹಾಕೋಣ. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸಾಹೇಬರ ಮರ್ಯಾದೆ ಉಳಿಸಲು ಹೇಳಿದ್ದು.

ಆಡಳಿತ ವೈದ್ಯಾಧಿಕಾರಿಗಳು ಒಪ್ಪಲಿಲ್ಲ. ಎರಡು ಲೆಕ್ಕ ಇಟ್ಟರೆ, ಆ ಸಿಸ್ಟರ್‌ಗೆ ತಮ್ಮ ಕೆಲಸ ಯಾರಿಗೂ ಬೇಡವಾಗಿದೆ ಅಂತ ಒಂದೇ ವಾರದಲ್ಲಿ ಗೊತ್ತಾಗುತ್ತದೆ, ಅಲ್ವಾ? ನನ್ನ ಅಂದಾಜಿನಲ್ಲಿ ಈ ಪ್ರಕರಣದ ಅತಿ ದೊಡ್ಡ ತೀರ್ಮಾನ ಇದು. ಡ್ರಮ್ಮಿಗೆ ದುಡ್ಡು ಬೇಕಿತ್ತು, ದುಡ್ಡು ಸಿಕ್ಕಿತು. ಕೆಂಪು ಅಂಕಿಯನ್ನು ತಿಂಗಳುಗಟ್ಟಲೆ ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳಲು ಬೇಕಾಗಿದ್ದು ಬೇರೆಯೇ.

ಬೆಳಗಿನ ಆರು ಗಂಟೆಯ ಇಂಜೆಕ್ಷನ್

ಲೆಕ್ಕ ಕೈಯಲ್ಲಿದ್ದುದರಿಂದ ಮುಂದಿನ ಹುಡುಕಾಟ ಸಾಧ್ಯವಾಯಿತು. ಸೋಂಕಾದವರ ಮತ್ತು ಆಗದವರ ಕೇಸ್ ಶೀಟುಗಳನ್ನು ಎರಡು ರಾಶಿ ಮಾಡಿದೆವು. ಆಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಟ್ಟರು, ಕತ್ತರಿಸಿದ್ದು ಎಷ್ಟು ಗಂಟೆಗೆ, ಈ ಎರಡನ್ನೇ ಬರೆದುಕೊಂಡೆವು. ಮೊದಲೇ ಗೊತ್ತುಮಾಡಿದ ಕೇಸುಗಳಲ್ಲಿ ಇಂಜೆಕ್ಷನ್ ಸಮಯ ಬಹುತೇಕ ಒಂದೇ: ಬೆಳಿಗ್ಗೆ 6. ಎಮರ್ಜೆನ್ಸಿ ಕೇಸುಗಳಲ್ಲಿ ಸಮಯವೇ ಇಲ್ಲ, ಇದ್ದ ಕಡೆ ಮಗು ಹೊರಗೆ ಬಂದ ಮೇಲೆ.

ಆರು ಗಂಟೆಗೆ ಯಾಕೆ? ರಾತ್ರಿ ಪಾಳಿಯ ಸಿಸ್ಟರ್ ಎಲ್ಲರಿಗೂ ಬೆಳಗಿನ ಇಂಜೆಕ್ಷನ್ ಮುಗಿಸಿ ಎಂಟಕ್ಕೆ ಡ್ಯೂಟಿ ಬಿಡಬೇಕು. ಲಿಸ್ಟಿನಲ್ಲಿ ಒಂಬತ್ತು ಗಂಟೆಗೆ ಓಟಿ ಅಂತ ಇದೆ. ಅವರ ಲೆಕ್ಕದಲ್ಲಿ ಸರಿಯೇ. ಆದರೆ ಅರಿವಳಿಕೆ ಡಾಕ್ಟರ್ ಬರುವುದು ಹನ್ನೊಂದಕ್ಕೆ. ಅಲ್ಲಿ ಕೊಡುತ್ತಿದ್ದ ಆಂಟಿಬಯಾಟಿಕ್ ಸೆಫೊಟ್ಯಾಕ್ಸಿಮ್ ರಕ್ತದಲ್ಲಿ ಹೆಚ್ಚುಕಮ್ಮಿ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಐದು ಗಂಟೆ ಕಳೆದರೆ ಉಳಿಯುವುದು ಮೂವತ್ತರಲ್ಲಿ ಒಂದು ಪಾಲು. ಕತ್ತರಿ ಚರ್ಮಕ್ಕೆ ತಾಗುವ ಹೊತ್ತಿಗೆ ಔಷಧ ಖಾಲಿ. ಆಮೇಲೆ ಐದು ದಿನ ದಿನಕ್ಕೆರಡು ಇಂಜೆಕ್ಷನ್ ಕೊಡುತ್ತಿದ್ದರು, ಕಳ್ಳ ಒಳಗೆ ಹೊಕ್ಕ ಮೇಲೆ.

2008ರ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟಿನಲ್ಲೇ ಇದಕ್ಕೊಂದು ಪ್ರಶ್ನೆ ಇದೆ: ಕಳೆದ 60 ನಿಮಿಷದೊಳಗೆ ಆಂಟಿಬಯಾಟಿಕ್ ಕೊಟ್ಟಾಗಿದೆಯೇ? ಈ ಆಸ್ಪತ್ರೆಯ ಪ್ರತಿ ಕೇಸ್ ಶೀಟಿನಲ್ಲೂ ಆ ಚೆಕ್‌ಲಿಸ್ಟ್ ಇತ್ತು. ಎಲ್ಲದರಲ್ಲೂ ‘ಹೌದು’ ಅಂತ ಟಿಕ್. ಒಂದೇ ಪೆನ್ನು, ಒಂದೇ ಓರೆ. ದಿನದ ಕೊನೆಯಲ್ಲಿ ಒಟ್ಟಿಗೆ ಹಾಕಿದ್ದು ಅಂತ ನೋಡಿದರೇ ತಿಳಿಯುತ್ತಿತ್ತು.

ಇನ್ನೊಂದು ಕಾಗದ ಸೇರಿಸುವ ಸಲಹೆ ಬಂತು. ಓಟಿ ಇನ್‌ಚಾರ್ಜ್ ಸಿಸ್ಟರ್ ಬೇಡ ಅಂದರು. “ಬರೆಯೋಕೆ ಇನ್ನೊಂದು ಕೊಟ್ರೆ ಅದನ್ನೂ ಸಂಜೆ ಬರೀತೀವಿ ಸರ್.” ಇಷ್ಟು ನೇರವಾಗಿ ಹೇಳುವವರು ಸಿಗುವುದು ಪುಣ್ಯ. ಅವರ ಸಲಹೆಯಂತೆ ಆಂಟಿಬಯಾಟಿಕ್ ವಯಲ್‌ಗಳನ್ನೇ ವಾರ್ಡಿನಿಂದ ಓಟಿಗೆ ಸಾಗಿಸಿದರು. ವಾರ್ಡಿನಲ್ಲಿ ಔಷಧ ಇಲ್ಲದಿದ್ದರೆ ಆರು ಗಂಟೆಗೆ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಅರಿವಳಿಕೆಗೆ ಬೆನ್ನಿಗೆ ಇಂಜೆಕ್ಷನ್ ಹಾಕುವ ಮುಂಚೆ, ಐವಿ ಲೈನಿನಲ್ಲಿ ಕೊಡುವುದು ಅರಿವಳಿಕೆ ಡಾಕ್ಟರ ಕೆಲಸ ಅಂತಾಯಿತು. ಬ್ಲೇಡ್ ಕೈಗೆ ಕೊಡುವ ಮೊದಲು ಸ್ಕ್ರಬ್ ಸಿಸ್ಟರ್ ಜೋರಾಗಿ ಕೇಳಬೇಕು: “ಆಂಟಿಬಯಾಟಿಕ್ ಎಷ್ಟು ಗಂಟೆಗೆ?” ‘ಕೊಟ್ಟಾಯ್ತಾ’ ಅಂತ ಕೇಳಿದರೆ ‘ಹೂಂ’ ಅಂತ ಯಾರಾದರೂ ಹೇಳಿಬಿಡುತ್ತಾರೆ. ಎಷ್ಟು ಗಂಟೆಗೆ ಅಂದರೆ ಗಡಿಯಾರ ನೋಡಲೇಬೇಕು. ಉತ್ತರ ಬಂದ ಮೇಲೆ ಗೋಡೆಯ ವೈಟ್‌ಬೋರ್ಡಿನಲ್ಲಿ ಆ ಸಮಯ ಬರೆಯುವುದು.

ಜಗಳ ಆದದ್ದು ಟೆಸ್ಟ್ ಡೋಸ್ ಬಗ್ಗೆ. ಅಲರ್ಜಿ ಆಗುತ್ತದೆಯೇ ಅಂತ ಚರ್ಮದಡಿ ಸ್ವಲ್ಪ ಕೊಟ್ಟು, ಕಾದು ನೋಡಿ, ಆಮೇಲೆ ಪೂರ್ತಿ ಕೊಡುವ ರೂಢಿ. ಹಿರಿಯ ಪ್ರಸೂತಿ ತಜ್ಞರು ಅದನ್ನು ಬಿಡಲು ತಯಾರಿರಲಿಲ್ಲ. ಹಿಂದೆ ಯಾವ ಅಲರ್ಜಿಯೂ ಆಗಿರದವರಲ್ಲಿ ಈ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲರ್ಜಿ ಇತ್ತಾ ಅಂತ ಸರಿಯಾಗಿ ವಿಚಾರಿಸುವುದು, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಮುಖ್ಯ. ಆದರೆ ಅವರ ಭಯಕ್ಕೂ ಕಾರಣವಿತ್ತು. ಏನಾದರೂ ಆದರೆ “ಟೆಸ್ಟ್ ಡೋಸ್ ಮಾಡಿದ್ರಾ?” ಅನ್ನೋದೇ ಮೊದಲ ಪ್ರಶ್ನೆ, ವಾರ್ಡಿನಲ್ಲೂ ಠಾಣೆಯಲ್ಲೂ. ಕೊನೆಗೆ ರಾಜಿ ಆಯಿತು. ಟೆಸ್ಟ್ ಡೋಸ್ ಹಿಂದಿನ ದಿನದ ತಪಾಸಣೆಯಲ್ಲೇ ಮುಗಿಸುವುದು, ಪೂರ್ತಿ ಡೋಸ್ ಓಟಿಯಲ್ಲೇ. ವಿಜ್ಞಾನದ ದೃಷ್ಟಿಯಿಂದ ಇದು ಅರ್ಧ ಗೆಲುವು. ಕೆಲಸ ನಡೆಯಲು ಅಷ್ಟು ಸಾಕಾಯಿತು.

ಏನಾಯಿತು

ಮುಂದಿನ ಆರು ತಿಂಗಳಲ್ಲಿ, ಅದೇ ಫೋನ್ ಲೆಕ್ಕದ ಪ್ರಕಾರ, ಸೋಂಕು ಮೂರನೇ ಒಂದು ಪಾಲಿಗೆ ಇಳಿಯಿತು. ಡ್ರಮ್ಮಿನಿಂದ ಎಷ್ಟು, ಇಂಜೆಕ್ಷನ್ನಿನಿಂದ ಎಷ್ಟು, ರೇಜರ್ ಬಿಟ್ಟಿದ್ದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಸಂಶೋಧನೆ ಆಗಿದ್ದರೆ ಒಂದೊಂದನ್ನೇ ಬದಲಿಸಿ ನೋಡಬಹುದಿತ್ತು. ಹಸಿ ಡ್ರಮ್ ಕಣ್ಣೆದುರಿಗೆ ಇರುವಾಗ ಲೆಕ್ಕಕ್ಕೋಸ್ಕರ ಕಾಯುವುದು ಸರಿಯಲ್ಲ ಅಂತ ಎಲ್ಲರೂ ಒಪ್ಪಿದ್ದೆವು.

ಮಳೆಗಾಲ ಮುಗಿದದ್ದೂ ಸ್ವಲ್ಪ ಸಹಾಯ ಮಾಡಿರಬಹುದು. ಈ ಅನುಮಾನವನ್ನು ಆಸ್ಪತ್ರೆಯವರೇ ಎತ್ತಿದರು. ಮುಂದಿನ ಮಳೆಗಾಲದಲ್ಲಿ ಅಂಕಿ ಸ್ವಲ್ಪ ಏರಿತು, ಆದರೆ ಹಳೆಯ ಮಟ್ಟಕ್ಕೆ ಹೋಗಲಿಲ್ಲ.

ಇಳಿಯದೇ ಉಳಿದದ್ದು ರಾತ್ರಿಯ ಎಮರ್ಜೆನ್ಸಿ ಕೇಸುಗಳು. ಪ್ರಸವ ಬೇನೆಯಲ್ಲಿ ಗಂಟೆಗಟ್ಟಲೆ ಇದ್ದು, ಹಲವು ಸಲ ಒಳಪರೀಕ್ಷೆ ಆಗಿ, ನೀರೊಡೆದು ಬಹಳ ಹೊತ್ತಾದ ಮೇಲೆ ಬರುವವರಿಗೆ ಸೋಂಕಿನ ಅಪಾಯ ಮೊದಲೇ ಜಾಸ್ತಿ. ಅದಕ್ಕೆ ಓಟಿಯೊಳಗೆ ಮದ್ದಿಲ್ಲ. ಪಿಎಚ್‌ಸಿಯಿಂದ ಸರಿಯಾದ ಹೊತ್ತಿಗೆ ಕಳಿಸುವುದು, ಇಲ್ಲಿ ಅರಿವಳಿಕೆ ಡಾಕ್ಟರ್ ರಾತ್ರಿಯೂ ಇರುವುದು, ಎರಡೂ ಬೇಕು. ಅರಿವಳಿಕೆ ತಜ್ಞರ ಎರಡನೇ ಹುದ್ದೆಗೆ ಬರೆದ ಪತ್ರಗಳು ಫೈಲಿನಲ್ಲಿವೆ. ಬೇರೆ ದಾರಿ ಕಾಣದೆ ಓಟಿ ಲಿಸ್ಟಿನ ಸಮಯವನ್ನೇ ಹನ್ನೊಂದೂವರೆಗೆ ಬದಲಿಸಿದರು. ಇದರಿಂದ ಒಂದು ಲಾಭ ಯಾರೂ ಎಣಿಸದೇ ಸಿಕ್ಕಿತು. ಹಿಂದಿನ ರಾತ್ರಿಯಿಂದ ಉಪವಾಸ ಇರುತ್ತಿದ್ದ ಗರ್ಭಿಣಿಯರಿಗೆ ಬೆಳಿಗ್ಗೆ ನೀರು ಕುಡಿಯಲಾದರೂ ಅವಕಾಶವಾಯಿತು.

ಆಪರೇಷನ್ ಆದ ಮೇಲಿನ ಐದು ದಿನದ ಆಂಟಿಬಯಾಟಿಕ್ ಪೂರ್ತಿ ನಿಲ್ಲಲಿಲ್ಲ. ಗುತ್ತಿಗೆ ತಜ್ಞರು ಮೊದಲು ಒಂದು ದಿನಕ್ಕೆ ಇಳಿಸಿದರು. ಅವರ ಕೇಸುಗಳಲ್ಲಿ ಸೋಂಕು ಜಾಸ್ತಿ ಆಗಲಿಲ್ಲ ಅಂತ ಫೋನ್ ರಿಜಿಸ್ಟರ್ ತೋರಿಸಿದ ಮೇಲೆ ಹಿರಿಯರೂ ಮೂರು ದಿನಕ್ಕೆ ಬಂದರು. ಅಲ್ಲಿಗೇ ನಿಂತರು.

ಫ್ಯೂಮಿಗೇಶನ್ ಯಂತ್ರ ಸ್ಟೋರಿಗೆ ಹೋಯಿತು. ಒಮ್ಮೆ ಮಂತ್ರಿಗಳು ಬರುತ್ತಾರೆ ಅಂದಾಗ ಮಾತ್ರ ಹೊರಗೆ ಬಂದಿತ್ತಂತೆ.

ಆಮೇಲೆ

ಫೋನ್ ಮಾಡುತ್ತಿದ್ದ ಸಿಸ್ಟರ್ ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅದೇ ಸುಮಾರಿಗೆ ಆಡಳಿತ ವೈದ್ಯಾಧಿಕಾರಿಗಳಿಗೂ ವರ್ಗ ಆಯಿತು. ಜಿಲ್ಲೆಯ ಪರಿಶೀಲನಾ ಸಭೆಯಲ್ಲಿ ಆ ಆಸ್ಪತ್ರೆಯ ಮುಂದೆ ಮತ್ತೆ ಸೊನ್ನೆ ಕಾಣಿಸಿತು. ಕೆಂಪು ಹೋಗಿ ಹಸಿರು ಬಂತು. “ಭಾಳ ಸುಧಾರಿಸಿದ್ದೀರಿ” ಅಂತ ಹೊಸದಾಗಿ ಬಂದ ವೈದ್ಯಾಧಿಕಾರಿಗಳಿಗೆ ಅಭಿನಂದನೆ ಸಿಕ್ಕಿತು.

ಅವರು ವಾಪಸ್ ಬಂದು ಓಟಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದರು, ನಿಮ್ಮ ತಂಡಕ್ಕೂ ಅಭಿನಂದನೆ ಅಂತ. ಸಿಸ್ಟರ್ ಥ್ಯಾಂಕ್ಸ್ ಹೇಳಿ, ಹಳೆಯ ಫೋನ್ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟು, ಕೊನೆಯ ಫೋನ್ ಆದ ತಾರೀಖು ತೋರಿಸಿದರು. ಆ ಡಾಕ್ಟರ್‌ಗೆ ವಿಷಯ ಬೇಗ ಅರ್ಥವಾಯಿತು. ಫೋನ್ ಕೆಲಸವನ್ನು ಈ ಸಲ ಒಬ್ಬರಿಗೇ ಕೊಡದೆ ಮೂವರು ಸಿಸ್ಟರ್‌ಗಳಿಗೆ ಪಾಳಿ ಹಾಕಿದರು. ಒಬ್ಬರು ರಜೆ ಹಾಕಿದರೂ ನಿಲ್ಲಬಾರದು ಅಂತ. ಮುಂದಿನ ತಿಂಗಳ ವರದಿಯಲ್ಲಿ ಅಂಕಿ ಮತ್ತೆ ಏರಿತು. ಅದರ ಕೆಳಗೆ ಅವರು ಕೈಬರಹದಲ್ಲಿ ಒಂದು ಸಾಲು ಸೇರಿಸಿ ಕಳಿಸಿದರು: ಸಿಸೇರಿಯನ್ ಆದವರಲ್ಲಿ ಇಷ್ಟು ಜನಕ್ಕೆ ಫೋನ್ ಮಾಡಿದೆ, ಇಷ್ಟು ಜನ ಸಿಕ್ಕರು. ಉಳಿದ ಆಸ್ಪತ್ರೆಗಳ ವರದಿಯಲ್ಲೂ ಈ ಸಾಲು ಇರಬೇಕು ಅಂತ ನಮ್ಮ ತಂಡ ಜಿಲ್ಲೆಗೆ ಬರೆಯಿತು. ವರದಿಯ ನಮೂನೆಯಲ್ಲಿ ಈಗ ಅದಕ್ಕೊಂದು ಕಾಲಂ ಇದೆ, ಮೂರು ತಾಲ್ಲೂಕುಗಳು ತುಂಬುತ್ತಿವೆ.